ಮೂರು ರಾಜೀನಾಮೆಗಳ ಕಡತ: ಶಿರಸಿಯ ಸ್ಕ್ಯಾನಿಂಗ್ ಅಂಗಡಿಯೊಂದರ ಕೆಲಸ ಹೇಗಿತ್ತು?

ಶಿರಸಿಯ ನ್ಯಾಯಾಲಯದ ಸಮೀಪದಲ್ಲಿ, ಪಹಣಿ ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು ಮುಂತಾದವನ್ನು ಟೈಪು ಮಾಡಿಕೊಡುವ ಅಂಗಡಿಗಳ ನಡುವೆ, ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ, ದಿನಾಂಕದ ಪ್ರಕಾರ ಜೋಡಿಸಿ, ಸೂಚಿಯೊಂದಿಗೆ ಪೆನ್‌ಡ್ರೈವಿನಲ್ಲಿಯೂ ಹೊಲಿದ ಸಂಪುಟದಲ್ಲಿಯೂ ಒದಗಿಸುವ ಅಂಗಡಿಯೊಂದಿದೆ. ಕಳೆದ ಫೆಬ್ರವರಿಯಿಂದ ಮೇ ಕೊನೆಯವರೆಗೆ ನಾನು ಆ ಅಂಗಡಿಯ ಗಿರಾಕಿಯಾಗಿದ್ದೆ. ಕೆಲಸ ಕೊನೆಗೆ ಚೆನ್ನಾಗಿಯೇ ಆಯಿತು. ಆದರೆ ಚೆನ್ನಾಗಿ ಆಗುವುದಕ್ಕೆ ಮೊದಲು ಎರಡು ಬಾರಿ ಕೆಟ್ಟಿತು. ಮೆಚ್ಚಿಕೆಯ ಜೊತೆಗೆ ತಕರಾರೂ ಇರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಇಂಥ ಕೆಲಸವನ್ನು ಯಾರಿಗಾದರೂ ಒಪ್ಪಿಸಲು ಯೋಚಿಸುತ್ತಿರುವವರು ಮೊದಲೇ ಏನೇನನ್ನು ಮಾತಾಡಿಕೊಳ್ಳಬೇಕು ಎಂಬುದು ತಿಳಿಯಲಿ ಎಂದು ಇದನ್ನು ಬರೆದಿದ್ದೇನೆ.

ಒಪ್ಪಿಸಿದ್ದು ನನ್ನ ತಂದೆಯವರು ಬಿಟ್ಟುಹೋದ ಒಂದು ಗಂಟು. ಅವರು ಇದೇ ಊರಿನಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದವರು. ಯಾವ ವಕಾಲತ್ತು ಯಾವ ಕಡತದಲ್ಲಿದೆ, ಯಾವ ದಾವೆಗೆ ಮುಂದಿನ ತಾರೀಖು ಯಾವಾಗ ಎನ್ನುವುದನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದ ಆ ಮನುಷ್ಯ, ಮುಂದೆ ಕರ್ನಾಟಕದ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರ ಬಗ್ಗೆ ಪತ್ರಿಕೆಗಳಲ್ಲಿ ಬಂದುದನ್ನು 1957ರಿಂದಲೂ ಕತ್ತರಿಸಿ, ಕೋರ್ಟಿನ ಹಸಿರು ಕಾಗದಕ್ಕೆ ಅಂಟಿಸಿ, ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು ಹಾಗೂ ಒಂದೆರಡು ಮಾತು ಬರೆದು, ಕೆಂಪು ಬಟ್ಟೆಯಲ್ಲಿ ಕಟ್ಟಿ ಇಡುತ್ತಿದ್ದರು. ಎಣಿಸಿದಾಗ 386 ಹಾಳೆಗಳಿದ್ದವು. ಹೆಗಡೆಯವರು ಸಿದ್ದಾಪುರ ತಾಲೂಕಿನ ದೊಡ್ಮನೆಯವರು, 1926ರ ಆಗಸ್ಟ್ 29ರಂದು ಹುಟ್ಟಿದವರು, ಕಾಶಿ ವಿದ್ಯಾಪೀಠದಲ್ಲಿ ಓದಿ ಲಖನೌ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದು ವಕೀಲರಾದವರು. ನಮ್ಮ ಘಟ್ಟದ ಮೇಲಿನ ಊರೊಂದರಿಂದ ಹೋದ ವಕೀಲರೊಬ್ಬರು ವಿಧಾನಸೌಧದಲ್ಲಿ ಕುಳಿತರೆಂಬ ಹೆಮ್ಮೆ ತಂದೆಯವರ ಸಂಗ್ರಹಕ್ಕೆ ಮೊದಲ ಕಾರಣವಾಗಿದ್ದಿರಬೇಕು. ಆದರೆ ಹಾಳೆಗಳನ್ನು ಓದುತ್ತ ಹೋದಂತೆ ಇದು ಅಭಿಮಾನಿಯ ಆಲ್ಬಮ್ಮಲ್ಲ, ಗುಮಾಸ್ತರ ಕಡತ ಎಂಬುದು ಸ್ಪಷ್ಟವಾಗುತ್ತದೆ: ಕಕ್ಷಿಗಾರನಿಗೆ ಅನುಕೂಲವಾದ ಕಾಗದವೂ ಇದೆ, ಪ್ರತಿಕೂಲವಾದ ಕಾಗದವೂ ಇದೆ.

ಅಂಗಡಿಯ ಕರಾರು ಸರಳವಾಗಿತ್ತು. ಪ್ರತಿ ಹಾಳೆಯ ಸ್ಕ್ಯಾನಿಗೆ 8 ರೂಪಾಯಿ, ಸೂಚಿಯನ್ನು ಟೈಪು ಮಾಡಲು ಪುಟಕ್ಕೆ 25 ರೂಪಾಯಿ, ಮುದ್ರಿಸಿ ಹೊಲಿದು ಕ್ಯಾಲಿಕೊ ಬಟ್ಟೆಯ ರಟ್ಟು ಹಾಕಲು ಬೇರೆ ದರ. ಮಾಲೀಕರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡುವವಳು ಬನವಾಸಿ ಕಡೆಯ ಹುಡುಗಿ. ಇಬ್ಬರಿಗೂ ಹೆಗಡೆಯವರ ಹೆಸರು ಗೊತ್ತಿತ್ತು, ಕಥೆ ಗೊತ್ತಿರಲಿಲ್ಲ. ಅದನ್ನು ದೋಷವೆಂದು ಹೇಳುತ್ತಿಲ್ಲ. ಕಥೆ ಗೊತ್ತಿಲ್ಲದವರ ಕೈಯಲ್ಲಿ ಕಡತ ಏನಾಗುತ್ತದೆ ಎನ್ನುವುದೇ ಇಂಥ ಸೇವೆಯ ನಿಜವಾದ ಪರೀಕ್ಷೆ.

ಮೊದಲ ಕಂತಿನ ಅರವತ್ತು ಹಾಳೆಗಳು ಒಂದು ವಾರದಲ್ಲಿ ಬಂದವು. ಪರದೆಯ ಮೇಲೆ ನೋಡಿದಾಗ ಬೆರಗಾಯಿತು. ಹಳದಿಗಟ್ಟಿದ ಪತ್ರಿಕಾ ಕಾಗದ ಹಾಲಿನಂತೆ ಬೆಳ್ಳಗಾಗಿತ್ತು, ಅಕ್ಷರಗಳು ಕಡುಗಪ್ಪಾಗಿದ್ದವು, ಸೆಲ್ಲೋಟೇಪಿನ ಕಂದು ಕಲೆಗಳು ಮಾಯವಾಗಿದ್ದವು, ಓರೆಯಾಗಿ ಅಂಟಿಸಿದ್ದ ತುಣುಕುಗಳೆಲ್ಲ ನೆಟ್ಟಗೆ ನಿಂತಿದ್ದವು. ಅದರ ಜೊತೆಗೆ ತಂದೆಯವರೂ ಮಾಯವಾಗಿದ್ದರು. ತುಣುಕಿನ ಸುತ್ತಲಿನ ಹಸಿರು ಕಾಗದವನ್ನು ಅನಗತ್ಯವೆಂದು ಬಗೆದು ಸುತ್ತ ಕತ್ತರಿಸಿ ತೆಗೆದಿದ್ದರಿಂದ, ಅಂಚಿನಲ್ಲಿದ್ದ ತಾರೀಖು, ಪತ್ರಿಕೆಯ ಹೆಸರು, ಪೆನ್ಸಿಲ್ ಟಿಪ್ಪಣಿ ಎಲ್ಲವೂ ಹೋಗಿದ್ದವು. ಅರವತ್ತು ಸುಂದರ ಚಿತ್ರಗಳಿದ್ದವು. ಯಾವುದು ಯಾವ ದಿನದ್ದು ಎಂದು ಹೇಳುವ ಒಂದೇ ಒಂದು ಗುರುತಿರಲಿಲ್ಲ. ನಾನು ಹೇಳಿದಾಗ ಮಾಲೀಕರು, "ಅಂಚು ಬೇಕಾಗ್ತದೆ ಅಂತ ಗೊತ್ತಿರಲಿಲ್ಲ ಮಾಸ್ತರೇ, ಎಲ್ಲರೂ ಕ್ಲೀನ್ ಮಾಡಿ ಕೊಡಿ ಅಂತಲೇ ಹೇಳ್ತಾರೆ" ಎಂದರು. ಅದು ನಿಜವೇ ಇರಬೇಕು. ಮದುವೆಯ ಹಳೆಯ ಫೋಟೋಗಳನ್ನು ಹೊಳಪು ಮಾಡಿಸಿಕೊಳ್ಳಲು ಬರುವ ಗಿರಾಕಿಗಳೇ ಹೆಚ್ಚಾಗಿರುವ ಅಂಗಡಿಯಲ್ಲಿ, ಕೊಳೆಯನ್ನು ಕೊಳೆಯಾಗಿಯೇ ಉಳಿಸಿಕೊಡಿ ಎಂದು ಕೇಳುವವನು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಮರುಮಾತಾಡದೆ ಅರವತ್ತನ್ನೂ ಮತ್ತೆ ಪೂರ್ಣ ಹಾಳೆಯಾಗಿ, ಬಣ್ಣದಲ್ಲಿ, ಏನನ್ನೂ ಅಳಿಸದೆ ಸ್ಕ್ಯಾನ್ ಮಾಡಿಕೊಟ್ಟರು. ಎರಡನೆಯ ಸಲಕ್ಕೆ ದುಡ್ಡು ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಅಂಗಡಿಗೆ ಅತಿ ಹೆಚ್ಚು ಅಂಕ ಸಿಗುವುದು ಇಲ್ಲಿ.

ಅಂಚಿನ ಬೆಲೆ ಎಷ್ಟೆಂಬುದಕ್ಕೆ ಮೊದಲ ಹಾಳೆಗಳೇ ಉದಾಹರಣೆ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿತ್ತು; 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂತು. ಅಲ್ಲಿಯವರೆಗೆ ನಮ್ಮ ಕಡೆಯ ಮೇಲ್ಮನವಿಗಳಿಗೆ ಹೈಕೋರ್ಟೆಂದರೆ ಮುಂಬಯಿ, ಅನಂತರ ಬೆಂಗಳೂರು. ಗುಮಾಸ್ತರ ಪಾಲಿಗೆ ಇದು ನಕಾಶೆಯ ಮೇಲಿನ ಗೆರೆಯ ಬದಲಾವಣೆಯಲ್ಲ. ಕಾಗದ ಕಟ್ಟಿ ಕಳುಹಿಸುವ ದಿಕ್ಕಿನ ಬದಲಾವಣೆ. 1954ರಿಂದ ಜಿಲ್ಲಾ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಹೆಗಡೆಯವರು 1957ರಲ್ಲಿ ಮೊದಲ ಬಾರಿ ವಿಧಾನಸಭೆಗೆ ಆರಿಸಿಬಂದಾಗ, ಈ ಜಿಲ್ಲೆಯವರು ಬೆಂಗಳೂರಿನ ಶಾಸನಸಭೆಗೆ ಪ್ರತಿನಿಧಿಗಳನ್ನು ಕಳುಹಿಸಿದ್ದೇ ಅದು ಮೊದಲು. ತುಣುಕಿನಲ್ಲಿರುವುದು ಗೆದ್ದವರ ಹೆಸರು ಮಾತ್ರ. ಅಂಚಿನಲ್ಲಿ ತಂದೆಯವರು ಬರೆದಿರುವುದು "ಇನ್ನು ಬೆಂಗಳೂರು" ಎಂಬ ಎರಡು ಪದ. ಅಂಗಡಿಯ ಮೊದಲ ಪ್ರತಿಯಲ್ಲಿ ಈ ಎರಡು ಪದ ಇರಲಿಲ್ಲ.

ನಿಜಲಿಂಗಪ್ಪನವರ ಹಾಗೂ ವೀರೇಂದ್ರ ಪಾಟೀಲರ ಸಚಿವ ಸಂಪುಟಗಳ ಕಾಲದ ಹಾಳೆಗಳು ನೂರಕ್ಕೂ ಮಿಕ್ಕಿವೆ. ಹಣಕಾಸು, ಸಹಕಾರ, ಕೈಗಾರಿಕೆ, ಯೋಜನೆ, ಅಬಕಾರಿ ಹೀಗೆ ಹಲವು ಖಾತೆಗಳು ಹೆಗಡೆಯವರ ಕೈಯಲ್ಲಿ ಬಂದು ಹೋದವು. ಅವರು ಒಟ್ಟು 13 ಬಜೆಟ್ ಮಂಡಿಸಿದರು. ಆ ಸಂಖ್ಯೆಯನ್ನು 2023ರಲ್ಲಿ ಸಿದ್ದರಾಮಯ್ಯನವರು ತಮ್ಮ 14ನೆಯ ಬಜೆಟ್ಟಿನಿಂದ ದಾಟುವವರೆಗೆ ರಾಜ್ಯದಲ್ಲಿ ಬೇರೆ ಯಾರೂ ದಾಟಿರಲಿಲ್ಲ. ಬಜೆಟ್ ಹಾಳೆಗಳಲ್ಲಿ ಅಂಗಡಿಯ ಯಂತ್ರದ ಮಿತಿ ಗೊತ್ತಾಯಿತು. ಅಂಗಡಿಯವರು ಎಲ್ಲವನ್ನೂ 300 ಡಿಪಿಐಯಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಗಳ ಸೂಕ್ಷ್ಮತೆಯಲ್ಲಿ, ಸ್ಕ್ಯಾನ್ ಮಾಡುತ್ತಾರೆ. ಸಾಮಾನ್ಯ ಸುದ್ದಿಗೆ ಅದು ಸಾಕು. ಆದರೆ ಮೊಳೆಯಚ್ಚಿನ ಕಾಲದ ಸಣ್ಣ ಅಂಕಿಗಳ ಕೋಷ್ಟಕದಲ್ಲಿ, ಶಾಯಿ ಹರಡಿದ ಕಡೆ, 3 ಯಾವುದು 8 ಯಾವುದು ಎಂದು ತಿಳಿಯುವುದಿಲ್ಲ. ಕೇಳಿದ ಮೇಲೆ 600ರಲ್ಲಿ ಮಾಡಿಕೊಟ್ಟರು, ಹಾಳೆಗೆ 4 ರೂಪಾಯಿ ಹೆಚ್ಚು ತೆಗೆದುಕೊಂಡರು. ಅದು ನ್ಯಾಯವಾದ ದರವೇ. ಮೊದಲೇ ಹೇಳಬಹುದಿತ್ತು ಎಂಬುದಷ್ಟೇ ನನ್ನ ತಕರಾರು. ಈ ಭಾಗವನ್ನು ನಾನೂ ಹೆಚ್ಚು ಓದಲಿಲ್ಲ. ಖಾತೆಗಳ ಪಟ್ಟಿಯಿಂದ ಮನುಷ್ಯ ಕಾಣುವುದಿಲ್ಲ.

ಎರಡನೆಯ ಬಾರಿ ಕೆಲಸ ಕೆಟ್ಟಿದ್ದು ಸೂಚಿಯಲ್ಲಿ. ಅದು ಕೆಟ್ಟ ಬಗೆಯೇ ನನಗೆ ಈ ವಿಮರ್ಶೆ ಬರೆಯಬೇಕೆನಿಸಿದ್ದಕ್ಕೆ ಕಾರಣ.

ತಂದೆಯವರು ತಾರೀಖನ್ನು ಕನ್ನಡ ಅಂಕಿಗಳಲ್ಲಿ ಬರೆಯುತ್ತಿದ್ದರು. ಕನ್ನಡದ ೬ ಹಾಗೂ ೯ ಅಂಕಿಗಳ ವ್ಯತ್ಯಾಸ ಒಂದು ಸಣ್ಣ ಬಾಲದ ದಿಕ್ಕಿನಲ್ಲಿದೆ. ಪೆನ್ಸಿಲ್ ಮಾಸಿದ ಮೇಲೆ ಆ ಬಾಲವೂ ಮಾಸುತ್ತದೆ. ಹುಡುಗಿ ಶ್ರದ್ಧೆಯಿಂದ ಓದಿ ಟೈಪು ಮಾಡಿದ್ದಳು. ಆದರೆ 1986ರ ಹದಿನೇಳು ಹಾಳೆಗಳು 1989ಕ್ಕೆ ಹೋಗಿ ಕುಳಿತಿದ್ದವು. ಅದರ ಪರಿಣಾಮವನ್ನು ಊಹಿಸಿಕೊಳ್ಳಿ. 1989ರಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು ಎಸ್.ಆರ್. ಬೊಮ್ಮಾಯಿಯವರು, ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಅಂಗಡಿಯ ಸೂಚಿಯನ್ನು ನಂಬಿದರೆ, ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದಾಗಲೇ ಹೆಗಡೆಯವರು ಆ ಪದವಿಗೆ ರಾಜೀನಾಮೆ ಕೊಟ್ಟು, ಮೂರು ದಿನಗಳ ಮೇಲೆ ಅದನ್ನು ವಾಪಸು ಪಡೆದಂತಾಗುತ್ತಿತ್ತು. ಇದರ ಮೇಲೆ ಇನ್ನೊಂದು ಎಡವಟ್ಟು: ಸೂಚಿಯಲ್ಲಿ ವಿಷಯದ ಅಂಕಣವೊಂದನ್ನು ಮಾಡಿ, ರಾಜೀನಾಮೆಗೆ ಸಂಬಂಧಿಸಿದ 41 ಹಾಳೆಗಳನ್ನೆಲ್ಲ "ರಾಜೀನಾಮೆ" ಎಂಬ ಒಂದೇ ತಲೆಬರಹದ ಕೆಳಗೆ ಸೇರಿಸಿದ್ದರು.

ಹೆಗಡೆಯವರು ಮುಖ್ಯಮಂತ್ರಿಯಾಗಿ ಒಂದಲ್ಲ, ಮೂರು ಬಾರಿ ರಾಜೀನಾಮೆ ಕೊಟ್ಟರು. ಅವರ ಸಾರ್ವಜನಿಕ ಬದುಕಿನ ಬಗ್ಗೆ ಹೊಗಳಿಕೆಯಾಗಲಿ ತೆಗಳಿಕೆಯಾಗಲಿ ಬಂದು ನಿಲ್ಲುವುದು ಆ ಮೂರರ ನಡುವಿನ ವ್ಯತ್ಯಾಸದಲ್ಲಿ. ಒಂದೇ ತಲೆಬರಹದ ಕೆಳಗೆ ತಂದರೆ ಆ ವ್ಯತ್ಯಾಸವೇ ಅಳಿದುಹೋಗುತ್ತದೆ.

ಮೊದಲನೆಯದು 1984ರ ಡಿಸೆಂಬರ್ ಕೊನೆಯದು. 1983ರ ಜನವರಿ 10ರಂದು ಅವರು ಮುಖ್ಯಮಂತ್ರಿಯಾದದ್ದು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ನಾಯಕರಾಗಿ. 224 ಸ್ಥಾನಗಳ ಸಭೆಯಲ್ಲಿ ಜನತಾ ಪಕ್ಷದ ಬಳಿ ಇದ್ದದ್ದು 95, ಉಳಿದದ್ದು ಭಾರತೀಯ ಜನತಾ ಪಕ್ಷ ಹಾಗೂ ಎಡಪಕ್ಷಗಳ ಹೊರಗಿನ ಬೆಂಬಲ. ಆಗ ಅವರು ರಾಜ್ಯಸಭೆಯ ಸದಸ್ಯರಾಗಿದ್ದರೇ ಹೊರತು ರಾಜ್ಯದ ಯಾವ ಸದನದಲ್ಲೂ ಇರಲಿಲ್ಲ. ಆರು ತಿಂಗಳೊಳಗೆ ಆರಿಸಿಬರಬೇಕೆಂಬ ಸಂವಿಧಾನದ ನಿಯಮದಂತೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದರು. ಎರಡು ವರ್ಷ ತುಂಬುವ ಹೊತ್ತಿಗೆ ಲೋಕಸಭೆಗೆ ಚುನಾವಣೆ ಬಂದು, ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕು. ಕಾನೂನಿನ ಪ್ರಕಾರ ಲೋಕಸಭೆಯ ಫಲಿತಾಂಶಕ್ಕೂ ವಿಧಾನಸಭೆಯ ಬಹುಮತಕ್ಕೂ ಸಂಬಂಧವಿಲ್ಲ. ಆದರೂ ಜನರ ವಿಶ್ವಾಸ ತಪ್ಪಿದೆ ಎಂದು ಅವರು ರಾಜೀನಾಮೆ ಕೊಟ್ಟು ಹೊಸ ಚುನಾವಣೆ ಕೇಳಿದರು. 1985ರ ಮಾರ್ಚಿನಲ್ಲಿ 139 ಸ್ಥಾನ ಗೆದ್ದು ಮರಳಿದರು. ಅದು ನೈತಿಕತೆಯೋ, ಅನ್ಯರ ಬೆಂಬಲದ ಹಂಗಿನಿಂದ ಬಿಡಿಸಿಕೊಳ್ಳುವ ಜಾಣತನವೋ ಎಂಬ ಚರ್ಚೆ ನಮ್ಮ ಮನೆಯ ಜಗಲಿಯಲ್ಲಿ ಎಷ್ಟೋ ಸಂಜೆ ನಡೆದದ್ದನ್ನು ನಾನು ಕೇಳಿದ್ದೇನೆ. ಎರಡೂ ಆಗಿರಬಾರದೇಕೆ ಎಂದು ನನಗೆ ಈಗ ಅನ್ನಿಸುತ್ತದೆ. ಒಂದೇ ಅರ್ಜಿಯಲ್ಲಿ ಎರಡು ಪ್ರಾರ್ಥನೆ ಸೇರಿಸುವುದು ವಕೀಲರಿಗೆ ಹೊಸದಲ್ಲ.

ಎರಡನೆಯದು 1986ರ ಫೆಬ್ರವರಿ 13ರದು. ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳ ವಿಷಯದಲ್ಲಿ ಹೈಕೋರ್ಟು ಸರ್ಕಾರವನ್ನು ಟೀಕಿಸಿದಾಗ ಅವರು ರಾಜೀನಾಮೆ ಕೊಟ್ಟರು, 16ರಂದು ವಾಪಸು ಪಡೆದರು. ತಂದೆಯವರ ಕಡತದಲ್ಲಿ ಈ ಮೂರು ದಿನಗಳಿಗೆ ಸಿಕ್ಕಷ್ಟು ಜಾಗ ಬೇರೆ ಯಾವ ಮೂರು ದಿನಗಳಿಗೂ ಸಿಕ್ಕಿಲ್ಲ. ಮೊದಲ ದಿನದ ಹಾಳೆಯ ಅಂಚಿನಲ್ಲಿ "ಸರಿ" ಎಂದಿದೆ. ಎರಡನೆಯ ದಿನದ್ದರಲ್ಲಿ "ಕೋರ್ಟು ಹೇಳಿದ್ದೇನು? ಆದೇಶ ಓದಬೇಕು" ಎಂದಿದೆ. ವಾಪಸು ಪಡೆದ ಸುದ್ದಿಯ ಹಾಳೆಯಲ್ಲಿ ಮಾತೇ ಇಲ್ಲ, ತಾರೀಖಿನ ಕೆಳಗೆ ಎರಡು ಗೆರೆ ಎಳೆದಿದೆ. ಕೊಟ್ಟ ವಕಾಲತ್ತನ್ನು ಮೂರೇ ದಿನಗಳಲ್ಲಿ ಹಿಂದಕ್ಕೆ ಪಡೆದು ಮತ್ತೆ ಹಾಜರಾಗುವ ವಕೀಲರನ್ನು ಕಂಡಾಗಲೂ ಅವರು ಹೀಗೆಯೇ ಸುಮ್ಮನಾಗುತ್ತಿದ್ದಿರಬೇಕು. ಈ ಹದಿನೇಳು ಹಾಳೆಗಳೇ ಅಂಗಡಿಯ ಸೂಚಿಯಲ್ಲಿ ಮೂರು ವರ್ಷ ಮುಂದೆ ಸರಿದು ಕುಳಿತಿದ್ದವು.

ಮೂರನೆಯದು 1988ರ ಆಗಸ್ಟಿನದು. ದೂರವಾಣಿ ಕದ್ದಾಲಿಕೆಯ ಆರೋಪ. ಈ ಬಾರಿ ವಾಪಸು ಪಡೆಯುವ ಮಾತಿರಲಿಲ್ಲ, ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. ದೂರವಾಣಿ ಆಲಿಸಲು ಆಗ ಅಧಿಕಾರ ಕೊಡುತ್ತಿದ್ದ ಕಾನೂನು 1885ರ ತಂತಿ (ಟೆಲಿಗ್ರಾಫ್) ಅಧಿನಿಯಮ, ಅಂದರೆ ಬ್ರಿಟಿಷರ ಕಾಲದ್ದು. ಆ ಅಧಿಕಾರವನ್ನು ಯಾರು, ಹೇಗೆ, ಎಷ್ಟು ದಿನ ಬಳಸಬಹುದೆಂಬ ಕಟ್ಟುಪಾಡುಗಳನ್ನು ಸರ್ವೋಚ್ಚ ನ್ಯಾಯಾಲಯ ವಿಧಿಸಿದ್ದು 1996ರ ಡಿಸೆಂಬರಿನಲ್ಲಿ, ಅಂದರೆ ಹೆಗಡೆಯವರು ಕುರ್ಚಿ ಬಿಟ್ಟ ಎಂಟು ವರ್ಷಗಳ ನಂತರ. ತಂದೆಯವರು ಆ ತೀರ್ಪಿನ ಸುದ್ದಿಯನ್ನೂ ಕತ್ತರಿಸಿ ಇದೇ ಕಡತಕ್ಕೆ ಸೇರಿಸಿದ್ದರು, ಹೆಗಡೆಯವರ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲದಿದ್ದರೂ. ಹಾಗೆಯೇ ಬೊಮ್ಮಾಯಿಯವರ ಪ್ರಕರಣದಲ್ಲಿ 1994ರ ಮಾರ್ಚ್ 11ರಂದು ಬಂದ ತೀರ್ಪನ್ನೂ, ಅಂದರೆ ಸರ್ಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದು ಸದನದಲ್ಲಿಯೇ ತೀರ್ಮಾನವಾಗಬೇಕು ಎಂದ ತೀರ್ಪನ್ನೂ ಸೇರಿಸಿದ್ದರು. ಅಂಗಡಿಯ ಹುಡುಗಿ ಈ ಎರಡನ್ನೂ "ಸಂಬಂಧವಿಲ್ಲದ್ದು" ಎಂದು ಬೇರೆ ಕವರಿನಲ್ಲಿ ಹಾಕಿಟ್ಟಿದ್ದಳು. ಬಿಸಾಡದೆ ಇಟ್ಟಿದ್ದಳಲ್ಲ, ಅದೇ ದೊಡ್ಡದು.

ನಾನು ಒಂದು ಇಡೀ ಮಧ್ಯಾಹ್ನ ಅಂಗಡಿಯಲ್ಲಿ ಕುಳಿತು ಈ ಮೂರು ರಾಜೀನಾಮೆಗಳ ಕಥೆಯನ್ನು ಹೇಳಿದೆ. ನಿವೃತ್ತ ಮಾಸ್ತರರಿಗೆ ಪಾಠ ಹೇಳುವ ಅವಕಾಶ ಸಿಕ್ಕರೆ ಬಿಡುವುದು ಕಷ್ಟ, ಒಪ್ಪುತ್ತೇನೆ. ಆದರೆ ಫಲ ಸಿಕ್ಕಿತು. ಅವರೇ ಒಂದು ಉಪಾಯ ಹೂಡಿದರು: ಮಾಸಿದ ಅಂಕಿ ಅನುಮಾನವಾದಲ್ಲೆಲ್ಲ ತುಣುಕಿನ ಹಿಂಬದಿಯ ಸುದ್ದಿಯನ್ನು ದೀಪದ ಎದುರು ಹಿಡಿದು ಓದಿ, ಅಲ್ಲಿ ಸಿಕ್ಕ ಬೇರೆ ಘಟನೆಯಿಂದ ವರ್ಷವನ್ನು ಖಚಿತಪಡಿಸಿಕೊಳ್ಳುವುದು, ಆಗಲೂ ತಿಳಿಯದಿದ್ದರೆ ಸೂಚಿಯಲ್ಲಿ ಆ ಸಾಲನ್ನು ಖಾಲಿ ಬಿಡುವುದು. ಊಹಿಸಿ ತುಂಬುವುದಕ್ಕಿಂತ ಖಾಲಿ ಬಿಡುವುದು ಒಳ್ಳೆಯದೆಂದು ಒಪ್ಪಿಕೊಳ್ಳುವ ಟೈಪಿಂಗ್ ಅಂಗಡಿಯನ್ನು ನಾನು ಇದೇ ಮೊದಲು ಕಂಡದ್ದು. ಹೊಸ ಸೂಚಿಯಲ್ಲಿ "ರಾಜೀನಾಮೆ" ಮೂರು ಪ್ರತ್ಯೇಕ ಭಾಗಗಳಾಗಿದೆ; ಹನ್ನೊಂದು ಹಾಳೆಗಳ ತಾರೀಖು ಖಾಲಿಯಿದೆ.

ಅಕ್ಷರ ಗುರುತಿಸುವ ತಂತ್ರಾಂಶದ ಬಗ್ಗೆ ಎರಡು ಮಾತು. ಸ್ಕ್ಯಾನ್ ಮಾಡಿದ ಚಿತ್ರವನ್ನು ಹುಡುಕಬಹುದಾದ ಯೂನಿಕೋಡ್ ಪಠ್ಯವಾಗಿ ಮಾಡಿಕೊಡುತ್ತೇವೆಂದು ಅಂಗಡಿಯ ಫಲಕದಲ್ಲಿ ಬರೆದಿದೆ. ಇಂದಿನ ಮುದ್ರಣಕ್ಕೆ ಅದು ಸರಿಯಿರಬಹುದು. ಹಳೆಯ ಮೊಳೆಯಚ್ಚಿನ ಒತ್ತಕ್ಷರಗಳ ಮುಂದೆ ಅದು ಸೋಲುತ್ತದೆ. 1983ರಲ್ಲಿ ಅಂಗೀಕಾರವಾದ ಪಂಚಾಯತ್ ಕಾನೂನಿನ ಹೆಸರು ಜಿಲ್ಲಾ ಪರಿಷತ್ತು, ತಾಲೂಕು ಪಂಚಾಯತ್ ಸಮಿತಿ, ಮಂಡಲ ಪಂಚಾಯತ್, ನ್ಯಾಯ ಪಂಚಾಯತ್ ಎಂದೆಲ್ಲ ಗಜದುದ್ದವಿದೆ. ತಂತ್ರಾಂಶ ಅದನ್ನು ಪ್ರತಿ ಸಲವೂ ಬೇರೆ ಬೇರೆ ರೀತಿಯಲ್ಲಿ ಚಿಂದಿ ಮಾಡಿತ್ತು. ಕೊನೆಗೆ ಆ ಭಾಗದ 34 ಹಾಳೆಗಳ ಸಾರವನ್ನು ಹುಡುಗಿ ಕೈಯಿಂದಲೇ ಟೈಪು ಮಾಡಿದಳು. ಕಡತದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಅದೇ. ರಾಷ್ಟ್ರಪತಿಗಳ ಅಂಕಿತ 1985ರಲ್ಲಿ ಬಂತು, ಚುನಾವಣೆ 1987ರ ಜನವರಿಯಲ್ಲಿ ನಡೆಯಿತು. ಮಹಿಳೆಯರಿಗೆ ಶೇಕಡಾ 25 ಮೀಸಲಾತಿ ಇತ್ತು, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು, ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ದರ್ಜೆಯ ಅಧಿಕಾರಿಯಾಗಿದ್ದರು. ಕಂದಾಯದ ಕಚೇರಿಯೆದುರು ಕೈಕಟ್ಟಿ ನಿಲ್ಲುವುದನ್ನೇ ರೂಢಿ ಮಾಡಿಕೊಂಡಿದ್ದ ತಾಲೂಕುಗಳಲ್ಲಿ, ಆರಿಸಿಬಂದವನ ಕೆಳಗೆ ಅಧಿಕಾರಿ ಕುಳಿತುಕೊಳ್ಳುವುದು ಸಣ್ಣ ಮಾತಾಗಿರಲಿಲ್ಲ. ಇಡೀ ದೇಶಕ್ಕೆ ಪಂಚಾಯತಿಗಳನ್ನು ಕಡ್ಡಾಯಗೊಳಿಸಿದ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲಿನಲ್ಲಿ. ಈ ಕೆಲಸದ ಹಿಂದಿನ ಶಕ್ತಿ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿದ್ದಕ್ಕಾಗಿ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಆ ಹಾಳೆ ಟೈಪು ಮಾಡುವಾಗ ಹುಡುಗಿ ಕೆಲಸ ನಿಲ್ಲಿಸಿ, "ಮಾಸ್ತರೇ, ನಮ್ಮೂರ ಶಾಲೆ ಎದುರಿನ ಬೋರಿಗೆ ನಮ್ಮಜ್ಜ ನೀರ್ ಸಾಬರ ಬೋರು ಅಂತಿದ್ರು, ಅದು ಯಾರೋ ಬೋರ್ ತೆಗೆಯೋರ ಹೆಸರು ಅಂದ್ಕೊಂಡಿದ್ದೆ" ಎಂದಳು. ಅಲ್ಲಿಂದ ಮುಂದಿನ ಹಾಳೆಗಳಲ್ಲಿ ಟೈಪಿನ ತಪ್ಪುಗಳು ಕಡಿಮೆಯಾದದ್ದು ಕಾಕತಾಳೀಯವಿರಲಾರದು.

ಲೋಕಾಯುಕ್ತದ ಹಾಳೆಗಳು ಆರೇ ಆರು. ಕಾಯ್ದೆ 1984ರದು, ಜಾರಿಗೆ ಬಂದದ್ದು 1986ರ ಜನವರಿಯಲ್ಲಿ. ಅಂದರೆ ಸಾರಾಯಿ ಪ್ರಕರಣದ ರಾಜೀನಾಮೆಗೆ ಸುಮಾರು ಒಂದು ತಿಂಗಳ ಮೊದಲು. ಹಾಳೆಗಳು ತಾರೀಖಿನ ಪ್ರಕಾರ ಸರಿಯಾಗಿ ಕುಳಿತದ್ದರಿಂದಲೇ ಈ ನೆರೆಹೊರೆ ನನ್ನ ಕಣ್ಣಿಗೆ ಬಿತ್ತು. ತಪ್ಪಾದ ಸೂಚಿಯಲ್ಲಿ ಅವೆರಡರ ನಡುವೆ ಮೂರು ವರ್ಷಗಳಿದ್ದವು.

1988ರ ನಂತರ ಕಡತ ತೆಳ್ಳಗಾಗುತ್ತದೆ. ವಿ.ಪಿ. ಸಿಂಗ್ ಕಾಲದಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷತೆ, 1991ರಲ್ಲಿ ಬಾಗಲಕೋಟೆಯಲ್ಲಿ ಸಿದ್ದು ನ್ಯಾಮಗೌಡರ ಎದುರು ಸೋಲು, 1996ರಲ್ಲಿ ಜನತಾದಳದಿಂದ ಉಚ್ಚಾಟನೆ, ಲೋಕಶಕ್ತಿ ಪಕ್ಷ, 1998ರಲ್ಲಿ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಖಾತೆ: ಇಷ್ಟಕ್ಕೂ ಸೇರಿ ಮೂವತ್ತು ಹಾಳೆಗಳಿಲ್ಲ, ಅಂಚಿನಲ್ಲಿ ತಾರೀಖು ಬಿಟ್ಟರೆ ಬೇರೆ ಮಾತಿಲ್ಲ. ತಂದೆಯವರ ಕಣ್ಣು ಮಂಜಾಗಿತ್ತೋ, ಆಸಕ್ತಿ ಮಂಜಾಗಿತ್ತೋ ಹೇಳಲಾರೆ. 2004ರ ಜನವರಿ 12ರಂದು ಹೆಗಡೆಯವರು ತೀರಿಕೊಂಡ ಸುದ್ದಿಯ ಹಾಳೆಯನ್ನು ಅಂಟಿಸಿದ್ದು ನಾನು.

ಸಂಪುಟದ ಹೊಲಿಗೆ ಗಟ್ಟಿಯಾಗಿದೆ. ಮೂರು ಸಂಪುಟಗಳಾಗಿವೆ, ತೆರೆದು ಮೇಜಿನ ಮೇಲಿಟ್ಟರೆ ಪುಟ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಬೆನ್ನಿನ ಮೇಲಿನ ಚಿನ್ನದ ಅಕ್ಷರಗಳನ್ನು ನಾನು ಬೇಡವೆಂದಿದ್ದೆ, ಆದರೂ ಹಾಕಿದ್ದಾರೆ; ಜಾತ್ರೆಯ ಬಜಾರಿನ ಹೊಳಪು ಬಂದಿದೆ. ಮೂಲ ಹಾಳೆಗಳನ್ನು ವಾಪಸು ಕೊಡುವಾಗ ಮಾತ್ರ ಅವರ ಜಾಣ್ಮೆ ಮೆಚ್ಚಬೇಕು. ಲ್ಯಾಮಿನೇಶನ್ ಮಾಡಿಸಿಬಿಡಿ ಎಂದು ಪರಿಚಯದವರೊಬ್ಬರು ನನಗೆ ಹೇಳಿದ್ದರು. ಮಾಲೀಕರು ತಮಗೆ ಬರುವ ದುಡ್ಡನ್ನೂ ಲೆಕ್ಕಿಸದೆ ಬೇಡವೆಂದರು. ಪತ್ರಿಕಾ ಕಾಗದದೊಳಗಿನ ಆಮ್ಲ ಪ್ಲಾಸ್ಟಿಕ್ಕಿನ ಒಳಗೂ ಕಾಗದವನ್ನು ತಿನ್ನುತ್ತಲೇ ಇರುತ್ತದೆ, ಒಮ್ಮೆ ಬಿಸಿಯಲ್ಲಿ ಅಂಟಿಸಿದ್ದನ್ನು ಮತ್ತೆ ಬಿಡಿಸಲಾಗುವುದಿಲ್ಲ ಎಂದು ವಿವರಿಸಿದರು. ಪ್ರತಿ ಹಾಳೆಯ ನಡುವೆ ಬಿಳಿಯ ಕಾಗದವಿಟ್ಟು, ಹತ್ತಿಯ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ತಂದೆಯವರು ಬಳಸಿದ್ದು ಮೈದಾ ಹಿಟ್ಟಿನ ಅಂಟು. ಅದರ ರುಚಿ ಹುಳುಗಳಿಗೆ ಚೆನ್ನಾಗಿ ಗೊತ್ತು. ನಮ್ಮ ಮಳೆಗಾಲದ ತೇವದಲ್ಲಿ ಅಟ್ಟದ ಮೇಲಿಡದೆ ಗೋಡೆಯಿಂದ ದೂರವಿರುವ ಕಪಾಟಿನಲ್ಲಿಡಿ ಎಂದೂ ಹೇಳಿದರು.

ಒಟ್ಟು ಖರ್ಚು 7,850 ರೂಪಾಯಿ. ಮೊದಲು ಹೇಳಿದ ಅಂದಾಜಿಗಿಂತ ಸುಮಾರು ಒಂದೂವರೆ ಸಾವಿರ ಹೆಚ್ಚಾಯಿತು. ಹೆಚ್ಚಿನ ಡಿಪಿಐ ಹಾಗೂ ಕೈಟೈಪಿನ ಬಾಬತ್ತು. ಹೇಳಿದ ಅವಧಿ ಆರು ವಾರ, ಹಿಡಿದದ್ದು ಹದಿನೈದು ವಾರ. ಅದರಲ್ಲಿ ಎರಡು ವಾರ ಮದುವೆ ಕಾಗದಗಳ ಸುಗ್ಗಿಯಲ್ಲಿ ನಮ್ಮ ಕೆಲಸವನ್ನು ಮುಟ್ಟಿಯೇ ಇರಲಿಲ್ಲ. ಕೇಳಿದಾಗ ನಾಳೆ ನಾಡಿದ್ದು ಎಂದು ಹೇಳುವ ಬದಲು ನೇರವಾಗಿ ಹೇಳಿದ್ದರೆ ನಾನು ಐದು ಬಾರಿ ಅಂಗಡಿಗೆ ನಡೆಯುವುದು ತಪ್ಪುತ್ತಿತ್ತು.

ಮನೆಯಲ್ಲಿ ಹಿರಿಯರ ಕಡತ, ಡೈರಿ, ಪತ್ರಗಳಿರುವವರು ಇಂಥ ಅಂಗಡಿಗೆ ಹೋಗುವುದಾದರೆ ಅಕ್ಟೋಬರಿನಿಂದ ಜನವರಿಯೊಳಗೆ ಹೋಗಬೇಕು. ಬೇಸಿಗೆಯ ಮದುವೆಗಳ ಗಡಿಬಿಡಿಯೂ ಇರುವುದಿಲ್ಲ, ಕಾಗದವೂ ಒಣಗಿರುತ್ತದೆ. ಮೊದಲ ಹತ್ತು ಹಾಳೆಗಳನ್ನು ಮಾತ್ರ ಕೊಟ್ಟು, ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಉಳಿದದ್ದನ್ನು ಕೊಡಬೇಕು. ಅಂಚನ್ನು ಕತ್ತರಿಸಬಾರದು, ಏನನ್ನೂ ಅಳಿಸಬಾರದು ಎಂಬುದನ್ನು ಚೀಟಿಯ ಮೇಲೆ ಬರೆದು ಕೊಡಬೇಕು. ಬಾಯಿಮಾತು ಮಾಲೀಕರಿಂದ ಟೈಪಿನ ಹುಡುಗಿಗೆ ತಲುಪುವಷ್ಟರಲ್ಲಿ ಅರ್ಧವಾಗುತ್ತದೆ. ತಾರೀಖು ಕನ್ನಡ ಅಂಕಿಗಳಲ್ಲಿದ್ದರೆ ೬, ೯ಗಳ ಪಟ್ಟಿಯನ್ನು ನೀವೇ ಮಾಡಿಟ್ಟುಕೊಳ್ಳಿ.

ಇನ್ನೂ ಒಂದು ಹಾಳೆ ಅಂಗಡಿಯಲ್ಲಿಯೇ ಇದೆ. 1957ರ ಎರಡು ತುಣುಕುಗಳು ಬೆನ್ನಿಗೆ ಬೆನ್ನು ಅಂಟಿಕೊಂಡು ಒಂದೇ ಆಗಿವೆ. ಎಳೆದರೆ ಎರಡೂ ಹರಿಯುತ್ತವೆ. ತೇವದ ಕಾಗದದ ನಡುವೆ ಇಟ್ಟು ನಿಧಾನವಾಗಿ ಬಿಡಿಸಿ ನೋಡುತ್ತೇನೆ, ಮಳೆ ಕಳೆಯಲಿ ಎಂದಿದ್ದಾರೆ. ಅದರ ರಸೀದಿಯನ್ನು ಮೊದಲ ಸಂಪುಟದ ಖಾಲಿ ಪುಟಕ್ಕೆ ಪಿನ್ನು ಹಾಕಿ ಇಟ್ಟಿದ್ದೇನೆ.